ಹಿಡಿ

ಶಿಡ್ಲಘಟ್ಟದ ಹಳೇ ಫಿಲೇಚರ್ ಶೆಡ್ಡಿನಲ್ಲಿ ಈಗ ಷಟಲ್ ಕೋರ್ಟು.
ಬಾಯ್ಲರ್ ಇದ್ದ ಕಡೆ ನೆಟ್ಟು, ತೊಟ್ಟಿ ಇದ್ದ ಕಡೆ ಹಸಿರು ಮ್ಯಾಟು.
ಬೆಳಿಗ್ಗೆ ಐದೂವರೆಗೆ ದೀಪ ಹಾಕಿದರೆ
ಗೋಡೆ ಇನ್ನೂ ಬೆಂದ ಹುಳದ ವಾಸನೆ ಬಿಡುತ್ತದೆ;
ಮೂರನೇ ಗೇಮಿನ ಹೊತ್ತಿಗೆ ನಾವು ಮರೆಯುತ್ತೇವೆ.

ನಿನ್ನೆ ನನ್ನ ಬ್ಯಾಟು ನನ್ನ ಕೈಬಿಟ್ಟಿತು.
ಸ್ಮ್ಯಾಶಿಗೆಂದು ಎತ್ತಿದ್ದೆ, ಬೆವರಿಗೆ ಜಾರಿ
ಹೋಗಿ ಬಿದ್ದದ್ದು ಎಲ್‌ಐಸಿ ಮುನಿರಾಜಪ್ಪನ ಕಾಲ ಬುಡಕ್ಕೆ.
"ಗ್ರಿಪ್ ಹೋಗಿದೆ ಕಣ್ರೀ, ನೂರುನ್ನಿಸಾಗೆ ಕೊಡಿ" ಅಂದ,
ನನ್ನಿಂದ ಎರಡು ಹೆಜ್ಜೆ ಸರಿದು.

ನೂರುನ್ನಿಸಾ ಇದೇ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ
ಕುದಿನೀರಿಗೆ ಬೆರಳಿಟ್ಟು ಗೂಡಿನ ತುದಿ ಹುಡುಕಿದವಳು.
ಈಗ ಕೋರ್ಟು ಗುಡಿಸುತ್ತಾಳೆ, ಬೀಗದ ಕೈ ಅವಳ ಸೊಂಟದಲ್ಲಿ.
ಗ್ರಿಪ್ ಸುತ್ತಿದರೆ ಇಪ್ಪತ್ತು ರೂಪಾಯಿ, ಟೇಪು ನಮ್ಮದು.
ಆಟವನ್ನು ಒಂದು ದಿನ ನಿಂತು ನೋಡಿದವಳಲ್ಲ.

ಮೊದಲು ಹಳೆಯದನ್ನು ಬಿಚ್ಚಿದಳು.
ಎಳೆಯುವುದಿಲ್ಲ ಅವಳು, ತುದಿಯನ್ನು ಕೇಳುತ್ತಾಳೆ,
ಅದೇ ಬರುತ್ತದೆ.
ಒಳಗೆ ಬೋಳು ಮರ, ಎಂಟು ಮೂಲೆ, ಒಣಗಿದ ಅಂಟು.
ನಾಲ್ಕು ವರ್ಷ ದಿನಾ ಹಿಡಿದಿದ್ದೆ,
ಮುಟ್ಟಿಯೇ ಇರಲಿಲ್ಲ.

ಆಮೇಲೆ ಬುಡದಿಂದ ಶುರು. ಮೊದಲ ಸುತ್ತು ಅದರ ಮೇಲೇ,
ನಂತರ ಒಂದರ ಅಂಚನ್ನು ಇನ್ನೊಂದು ಮುಚ್ಚುತ್ತ ಮೇಲಕ್ಕೆ.
ಎಡಗೈ ಬ್ಯಾಟು ತಿರುಗಿಸುತ್ತದೆ, ಬಲಗೈ ಸುಮ್ಮನೆ ಬಿಗಿ ಕಾಯುತ್ತದೆ.
"ರಾಟೆ ತಿರುಗಬೇಕು ಸಾರ್, ಕೈ ತಿರುಗಬಾರದು."
ಅರ್ಧಕ್ಕೆ ನಿಲ್ಲಿಸಿ, ಹಿಡೀರಿ ಅಂದಳು. ಹಿಡಿದೆ.
"ಇಷ್ಟ್ಯಾಕೆ ಅಮುಕ್ತೀರ? ಯಾರೂ ಕಿತ್ಕೊಳ್ಳಲ್ಲ."

ಮುಗಿದ ಮೇಲೆ ಹಳೇ ಗ್ರಿಪ್ಪನ್ನು ಬೆಳಕಿಗೆ ಹಿಡಿದಳು:
ಕಪ್ಪು, ಜಿಡ್ಡು, ಒಂದು ಕಡೆ ಸಣ್ಣ ತಗ್ಗು.
"ನಿಮ್ಮ ಹೆಬ್ಬೆಟ್ಟು ಇಲ್ಲೇ ಬಿದ್ದಿದೆ ನೋಡಿ."
ತನ್ನದನ್ನೂ ಪಕ್ಕಕ್ಕೆ ಇಟ್ಟಳು.
ಹಿತುಕಿದ ಅವರೆಕಾಳಿನ ಹಾಗೆ ನುಣ್ಣಗೆ, ಒಂದು ಗೆರೆಯಿಲ್ಲ.
ರೇಷನ್ ಅಂಗಡಿಯ ಮಿಷನ್ನು ತಿಂಗಳು ತಿಂಗಳೂ
ಮೂರು ಸಲ ಅವಳನ್ನು ಅವಳಲ್ಲ ಅನ್ನುತ್ತದೆ;
ನಾಲ್ಕನೇ ಸಲ ಮೊಮ್ಮಗ ಒತ್ತುತ್ತಾನೆ,
ಅಕ್ಕಿ ಬರುತ್ತದೆ.

"ಇದನ್ನ ನಾನು ಇಟ್ಕೊಳ್ಲಾ?"
ಯಾಕೆ ಎಂದು ಕೇಳಲು ಬಾಯಿ ಬರಲಿಲ್ಲ,
ಏನೇನೋ ಅಂದುಕೊಂಡೆ.
"ಚಾ ಪಾತ್ರೆ ಹಿಡಿಗೆ ಸುತ್ತೋಕೆ. ಸುಡುತ್ತೆ.
ನನಗಲ್ಲ, ಸೊಸೆಗೆ."

ಇವತ್ತು ಮೊದಲ ಸರ್ವೀಸು ನೇರ ನೆಟ್ಟಿಗೆ.
ಮುನಿರಾಜಪ್ಪ ನಕ್ಕ.
ಬ್ಯಾಟು ಮಾತ್ರ ಕೈಯಲ್ಲೇ ಇತ್ತು.