ಬಾಕಿದಾರರ ಪಟ್ಟಿ

ಕೂಡ್ರಿ. ಕೋರಂ ಆಗ್ಯಾದ.
ಹನ್ನೊಂದರಾಗ ನನ್ನ ಬಿಟ್ಟು ಏಳು ಮಂದಿ.
ಸೇಡಂದವರು ಹಾದಿಯಾಗ ಅದಾರ,
ಫೈಬರ್ ಕಡದದಂತ, ಜೆಸಿಬಿ ಬಾಜು ನಿಂತಾರ.
ನಾನು ನೀಲಗಂಗಾ, ಆಳಂದದ ಕೇಬಲ್‌ನಾಕಿ,
ಎರಡು ವರ್ಷದ ಖಜಾಂಚಿ. ಓದತೀನಿ.

ಕೋಣಿ ಕಿರಾಯಿ ತಿಂಗಳಿಗೆ ಒಂಬತ್ತು ಸಾವಿರ.
ದಾಲ್‌ಮಿಲ್ಲಿನ ಹಿಂದಿನ ಗೋದಾಮು, ಮ್ಯಾಲ ಶಹಾಬಾದಿ ಪರಸಿ.
ಪರಸಿ ಹಗಲೆಲ್ಲ ಬಿಸಿಲು ಕುಡೀತದ,
ರಾತ್ರಿ ಹನ್ನೆರಡಕ್ಕ ಕಾರತದ.
ಅದಕ್ಕ ಎಸಿ ಎರಡು:
ಒಂದು ನಡೀಲಿಕ್ಕ, ಒಂದು ಅಂಜಿಕಿಗೆ.
ಮೇ ತಿಂಗಳ ಕರೆಂಟು ಮೂವತ್ತೊಂದು ಸಾವಿರದ ನಾನೂರು.
ಹೊರಗ ನಲವತ್ತನಾಲ್ಕು ಡಿಗ್ರಿ, ಒಳಗ ಇಪ್ಪತ್ತನಾಲ್ಕು.
ನಡುವಿನ ಇಪ್ಪತ್ತು ನಾವು ಕೊಂಡದ್ದು,
ರಸೀದಿ ಅದ.

ತೊಗರಿ ನುಚ್ಚಿಗೆ ಬಂದ ಇಲಿ
ಎರಡು ಸಲ ಕೇಬಲ್ ರುಚಿ ನೋಡ್ಯಾದ.
ಬೋನು, ಇನ್ನೂರಾ ನಲವತ್ತು.
ರಾತ್ರಿ ಕಾಯೋ ಪೀರಪ್ಪನ ಪಗಾರ ಎಂಟು ಸಾವಿರ,
ಎರಡು ವರ್ಷದಿಂದ ಅಷ್ಟೇ,
ಅವನೂ ಕೇಳಿಲ್ಲ, ನಾವೂ ನೆನಪು ಮಾಡಿಲ್ಲ.
ಅದನ್ನೂ ಬರಕೊಳ್ರಿ.

ಹಿಂದ ಹೆಂಗಿತ್ತು, ಹೊಸಬರಿಗೆ ಹೇಳತೀನಿ:
ಬ್ರಹ್ಮಪುರದ ದವಾಖಾನಿಯ ಎಕ್ಸ್‌ರೇ
ಸ್ಟೇಷನ್ ರೋಡಿನ ಡಾಕ್ಟರಿಗೆ ಮುಟ್ಟಲಿಕ್ಕ
ಮುಂಬೈ ನೋಡಿಕೊಂಡು ಬರತಿತ್ತು.
ಮುರಿದದ್ದು ನಮ್ಮೂರ ಹುಡುಗನ ಮುಂಗೈ,
ಹೋಗಿಬರೋ ಟಿಕೀಟೂ ನಮ್ಮದೇ.
ಈಗ ಈ ಕೋಣಿಯಾಗ, ಈ ಹಳೇ ಪೆಟ್ಟಿಗಿಯಾಗ,
ನಿನ್ನ ತಂತಿ ನನ್ನ ತಂತಿ ಎದುರಾಬದುರಾ ಕೂಡತಾವ,
ಮಾತು ಮುಗಸತಾವ,
ನಡುವ ಯಾರೂ ಅಡತ ಹಿಡಿಯೋದಿಲ್ಲ.

ನಮ್ಮಪ್ಪ ನೆಹರೂ ಗಂಜಿನಾಗ ತೂಕದವ.
ತಕ್ಕಡಿ ಹಿಡದಾಂವ ತೊಗರಿ ಕೊಳ್ಳಬಾರದು ಅಂತಿದ್ದ.
ನಲವತ್ತೆರಡು ವರ್ಷ ತೂಗಿದ,
ಒಂದು ಚೀಲ ತನ್ನ ಹೆಸರಿಗೆ ಇಳಸಲಿಲ್ಲ.
ನಮ್ಮ ಮನಿಯ ಬ್ಯಾಳಿ
ಕಿರಾಣಿ ಅಂಗಡಿಯಿಂದ ಪಾವ್ ಕಿಲೋ ಬರತಿತ್ತು,
ಅವ್ವ ಬೈತಿದ್ದಳು.

ಈಗ ಪತ್ರದ ವಿಷಯ.
ದೊಡ್ಡ ಕಂಪನಿ ಬರದದ:
ಹೊಸ ಸ್ವಿಚ್ಚು, ಎಸಿ, ಜನರೇಟರು, ಐದು ವರ್ಷ ಪುಕ್ಕಟೆ.
ನಮಗೇನೂ ಬ್ಯಾಡ,
ಕಮಿಟಿಯಾಗ ಮೂರು ಕುರ್ಚಿ,
ಮತ್ತ ಒಬ್ಬರಿಗೆ ಒಂದೇ ಮತ ಅನ್ನೋದು ಹಳೇದಾತು,
ಯಾರ ಕೊಳವಿ ದಪ್ಪ ಅವರ ಕೈ ಭಾರ ಇರಲಿ.

ಚಿತ್ತಾಪುರದ ಇಲಿಯಾಸ್‌ಭಾಯಿ ಅಂದರು:
ನನಗ ಆರುನೂರು ಮನಿ, ಮೂರು ತಿಂಗಳಿಗೆ ಹನ್ನೆರಡು ಸಾವಿರ
ನೀತಿಗೆ ಕೊಡಲೋ, ಹುಡುಗರ ಪಗಾರಕ್ಕ ಕೊಡಲೋ?
ಅವರ ಮಾತು ಅವರ ಮಾತಿನಾಗೇ ಬರದೀನಿ.
ತಪ್ಪಲ್ಲ ಅದು.
ಅಫಜಲಪುರದ ಅಣವೀರಪ್ಪ ಕನ್ನಡಕ ಏರಿಸಿ
ಹಾಳಿ ಹಿಂದ ಮುಂದ ತಿರುವಿದರು:
ಆರನೇ ವರ್ಷದ್ದು ಎಲ್ಲಿ ಬರದಾರ?
ಹಾಳಿ ಹಿಂದ ಖಾಲಿ ಇತ್ತು.

ಜಮಾ ಆಗಬೇಕಾದ್ದು ಐದು ಲಕ್ಷ ಇಪ್ಪತ್ತೆಂಟು ಸಾವಿರ.
ಬಂದದ್ದು ನಾಲ್ಕು ಲಕ್ಷ ಅರವತ್ತೆಂಟು.
ಬಾಕಿದಾರರು ಇಬ್ಬರು.
ಚಿಂಚೋಳಿ, ಎರಡು ಕಂತು.
ಆಳಂದ, ಮೂರು.
ಹೌದು, ಅದು ನಾನೇ.
ಕಾರಣ ಕೇಳಬ್ಯಾಡ್ರಿ,
ಚಿಂಚೋಳಿಯವರಿಗೂ ಕೇಳಿಲ್ಲ.

ಮೂರು ಕಂತು ತಪ್ಪಿದರ ಪೋರ್ಟು ಬಂದ್,
ಹದಿನಾಲ್ಕನೇ ನಿಯಮ,
ಅಕ್ಷರ ನನ್ನದೇ, ಗುಂಡಗ ಅದಾವ.
ನಿನ್ನೆ ಸಂಜಿ ಆರಕ್ಕ ಸಹಿ ಮಾಡಿ ಕೊಟ್ಟೆ.
ಪೀರಪ್ಪ ಎರಡು ಸಲ ಕೇಳಿದ: ಅಕ್ಕಾ, ಏಳನೇದಾ?
ಏಳನೇದೇ.
ಹಸಿರು ಮಿಣುಕು ನಿಂತಿತು.
ರಾತ್ರಿಯಿಂದ ನಮ್ಮ ಆಳಂದದ ಹುಡುಗರ ಪಾಠ
ಮತ್ತ ಮುಂಬೈ ಸುತ್ತಿ ಬರಲಿಕ್ಕತ್ತದ,
ಫೋನು ಬರಲಿಕ್ಕತ್ತಾವ.

ಬಾಕಿದಾರರಿಗೆ ಮತ ಇಲ್ಲ.
ಅದು ಹದಿನೈದನೇದು.
ನನ್ನ ಕೈ ತೊಡಿ ಮ್ಯಾಲ ಇರತದ,
ನಾನು ಎಣಿಸತೀನಿ ಅಷ್ಟೇ.

ಸೇಡಂದವರು ಬಂದರು ನೋಡ್ರಿ.
ಬರ್ರಿ, ಒಳಗ ಬರ್ರಿ, ಪತ್ರದ ಮತ ಈಗೇ.
ಕೈ ಮಣ್ಣಾಗ್ಯಾದೇನು?
ನಡೀತದ. ಎತ್ತರಿ.