ಲಾಂಡ್ರಿಯಲ್ಲಿ ಒಂದು ದೀಪಸ್ತಂಭ

ದಮ್ಮಾಮಿನ ಸೀಕೋ ಬಿಲ್ಡಿಂಗಿನ ಹಿಂದೆ, ಎರಡನೇ ಓಣಿ.
ಇಸ್ತ್ರಿಯ ಹಬೆಗೆ ಗಾಜು ಸದಾ ಮಂಜಾದ ಅಂಗಡಿ.
ಒಳಗೆ ಸಾಲಾಗಿ ಬಿಳಿಯ ತೋಬುಗಳು,
ಮೈಯಿಲ್ಲದೆ ತೂಗುವ ಶೇಖರು.
ಅವರೆಲ್ಲರ ಬೆನ್ನಿಗೆ, ಕೊನೆಯ ಸರಳಿನಲ್ಲಿ,
ಪಾಲಿಥಿನ್ ತೊಟ್ಟು, ಕೊರಳಿಗೆ ನಂಬರಿನ ಚೀಟಿ ಕಟ್ಟಿಕೊಂಡು
ನೇತಾಡುತ್ತವೆ
ಇದಿನಬ್ಬರ ಎಪ್ಪತ್ತಮೂರು ಪತ್ತೇದಾರಿ ಮಾಸಿಕಗಳು.
ಯಾರಾದರೂ ಕೇಳಿದರೆ,
"ಗಿರಾಕಿ ಬರಲಿಲ್ಲ, ಇಟ್ಟಿದ್ದೇನೆ."

ಮಾರಾಟಕ್ಕಲ್ಲ. ನನಗೂ ಗೊತ್ತು.
ಆದರೂ ಜುಬೈಲಿನಿಂದ ಬಸ್ಸು ಹಿಡಿದು
ಇನ್ನೂರು ರಿಯಾಲು ಮಡಚಿ ಒಳಜೇಬಿಗಿಟ್ಟು
ಶುಕ್ರವಾರ ಶುಕ್ರವಾರ ಬರುತ್ತೇನೆ,
ಕೈಯಲ್ಲಿ ಕೊಳೆಯೇ ಇಲ್ಲದ ಒಂದು ಅಂಗಿ.

"ನೋಡುವುದಾದರೆ ಕೈ ಒರೆಸಿಕೊಳ್ಳಿ ಮಾರ್ರೆ."
ಒರೆಸಿಕೊಂಡೆ.
ಕೋಲಿನಿಂದ ಇಳಿಸಿದರು ನಲವತ್ತೊಂದನೆಯದನ್ನು.
'ಏಳನೇ ಮೆಟ್ಟಿಲ ಹೆಣ'. ಬೆಲೆ ಎರಡೂವರೆ ರೂಪಾಯಿ.
ಹಸಿರು ಚಂದ್ರ. ಕೆಳಗೆ ದೀಪಸ್ತಂಭ.
ಅದರ ನೆತ್ತಿಯಿಂದ ಬೀಳುತ್ತಿರುವ ಹೆಂಗಸು;
ಬೀಳುವಾಗಲೂ ಮುಡಿದ ಹೂವು ಕದಲಿಲ್ಲ.
ಕೆಂಪಚ್ಚು ಒಂದು ನೂಲು ಜಾರಿ
ತುಟಿಯ ಬಣ್ಣ ಗಲ್ಲಕ್ಕೆ ಬಂದಿದೆ.
ಮತ್ತೆ ಕೊರಳಿಂದ ಸೊಂಟದವರೆಗೆ, ತೋಳುಗಳಿಗೆ,
ಕಪ್ಪು ಮಾರ್ಕರು.

ಧಹರಾನಿನ ಹಳೆಯ ಏರ್‌ಪೋರ್ಟಿನಲ್ಲಿ
ಉಪ್ಪಿನಕಾಯಿ ಬಾಟಲಿ, ಬನಿಯನ್ನುಗಳ ನಡುವಿಂದ ಎತ್ತಿ
ಹುಡುಗನೊಬ್ಬ ನಿಂತಲ್ಲೇ ಬಳಿದದ್ದು.
ಕತ್ತಿಯನ್ನು ಬಿಟ್ಟ. ರಕ್ತವನ್ನೂ ಬಿಟ್ಟ.
ನಾನು ಹಲ್ಲು ಕಚ್ಚಿದೆ.
ಇದಿನಬ್ಬರು ಬೆರಳಿಟ್ಟು ತೋರಿಸಿದರು:
"ಒಳ್ಳೆಯ ಕೈ ಅವನದು. ನೋಡಿ,
ಸೆರಗಿನ ಗೆರೆ ದಾಟಲಿಲ್ಲ.
ಕ್ಯೂನಲ್ಲಿ ನಾವು ಇನ್ನೂರು ಜನ,
ಆದರೂ ಅವಸರ ಮಾಡಲಿಲ್ಲ."

ಮೂವತ್ತೆಂಟು ವರ್ಷಕ್ಕೆ ಆ ಮಸಿ
ಜಂಬುನೇರಳೆಗೆ ತಿರುಗಿ ತೆಳುವಾಗಿದೆ.
ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದರೆ
ಮೊದಲು ಭುಜ, ಆಮೇಲೆ ಬಳೆ,
ಬಳೆಯಾಚೆ ಎಡಗೈ.
ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.
ಆರು ಬೆರಳು.
ಮನೆ ಬಾಡಿಗೆ ಕಟ್ಟುವ ದಿನ ಬರೆದಿರಬೇಕು, ಪುಣ್ಯಾತ್ಮ.

"ಓದಿ," ಎಂದರು ಇದಿನಬ್ಬರು.
ಅರಬಿ ಬರುತ್ತದೆ ಅವರಿಗೆ, ಮಲಯಾಳ ಅಷ್ಟಿಷ್ಟು;
ಕನ್ನಡ ಬಾಯಲ್ಲಿ ಮಾತ್ರ.
ಕ್ಯಾಂಪಿನಲ್ಲಿ ವಲೇರಿಯನ್ ಓದುತ್ತಿದ್ದನಂತೆ
ಏಳು ಮಂಚಗಳಿಗೆ ಕೇಳುವ ಹಾಗೆ.
ನಲವತ್ತು ಮುಗಿಯುವಾಗ ಅವನ ಇಕಾಮವೂ ಮುಗಿಯಿತು.
ಉಳಿದವನ್ನೆಲ್ಲ ಇವರು
ಮುಖಪುಟದಲ್ಲೇ ಓದಿಕೊಂಡದ್ದು:
ತೆಳು ಬಟ್ಟೆ ಹಾಸಿ, ಉಗುರು ಬಿಸಿಯ ಇಸ್ತ್ರಿಯಲ್ಲಿ
ಒಂದೊಂದೇ ಸುಕ್ಕು ಬಿಡಿಸುತ್ತ.

ಓದತೊಡಗಿದೆ.
ಮೈಸೂರಿನ ಒಬ್ಬ ವಕೀಲ, ಅವನ ಅಂಬಾಸಿಡರು,
ವಿಷ ಬೆರೆಸಿದ ಕಾಫಿ.
ಹತ್ತು ಪುಟ. ಮೂವತ್ತು. ಅಸರಿನ ಬಾಂಗಿಗೆ ಶಟರ್ ಎಳೆದು
ನಮಾಜು ಮುಗಿಸಿ ಬಂದರು.
"ದೀಪಸ್ತಂಭ ಬಂತೇ?"
"ಬರುತ್ತದೆ."
ಕಣ್ಣು ಮುಂದೆ ಓಡಿಸಿ ನೋಡಿದೆ:
ಇಡೀ ಕಾದಂಬರಿಯಲ್ಲಿ ಕಡಲೇ ಇಲ್ಲ.
ಬಿದ್ದವಳೂ ಇಲ್ಲ, ಚಂದ್ರ ಮೊದಲೇ ಇಲ್ಲ.
ಕೊಂದವನು ವಕೀಲನ ಭಾವಮೈದುನ,
ಕಾರಣ ಒಂದು ಸೈಟಿನ ಪತ್ರ.

ಏನು ಮಾಡಲಿ?
ತೊಂಬತ್ತನೆಯ ಪುಟದಲ್ಲಿ
ವಕೀಲನ ಕಾರನ್ನು ಘಾಟಿ ಇಳಿಸಿದೆ.
ಕಾಪುವಿನ ಹತ್ತಿರ ಬಂಡೆಯೊಂದನ್ನು ಆರಿಸಿ
ಮೆಟ್ಟಿಲ ಮೇಲೆ ಮೆಟ್ಟಿಲು ಕಟ್ಟಿದೆ.
ಏಳನೆಯದರಲ್ಲಿ ಹೆಣ ಇಟ್ಟೆ.
ಆರು ಬೆರಳಿನ ಹೆಂಗಸೊಬ್ಬಳು ದೀಪ ಹಿಡಿದು ಹತ್ತಿದಳು;
ಯಾಕೆ ಹತ್ತುತ್ತಾಳೆಂದು ನನಗೂ ತಿಳಿಯದು.
ಗಾಳಿ ಬೀಸಿತು. ಹೂವು ಕದಲಲಿಲ್ಲ.
ನನ್ನ ದನಿ ಒಡೆಯಿತು,
ತೋಬುಗಳು ಸಹ ನಿಂತು ಕೇಳಿದವು.

ಸಾಕು ಎಂಬಂತೆ ಕೈಯೆತ್ತಿ ಇದಿನಬ್ಬರು
ನನ್ನ ಮುಂದಿನಿಂದ ಪುಸ್ತಕ ತೆಗೆದುಕೊಂಡರು.
ತೆರೆದಿದ್ದ ಪುಟ ನೋಡಿದರು.
ಪುಟದ ತುಂಬ ಕೂದಲೆಣ್ಣೆಯ ಜಾಹೀರಾತು,
ಒಂದು ಬಾಟಲಿ, ಒಂದು ಜಡೆ.
ಬಹಳ ಹೊತ್ತು ನೋಡಿದರು.

"ವಲೇರಿಯನ್ನನೂ ಹೀಗೆಯೇ," ಎಂದರು,
"ಒಳ್ಳೆಯ ಜಾಗ ಬಂದಾಗ ಪುಟ ತಿರುಗಿಸುತ್ತಿರಲಿಲ್ಲ."

ಪಾಲಿಥಿನ್ ತೊಡಿಸಿ, ಕೋಲಿನಿಂದ ಮೇಲಕ್ಕೇರಿಸಿ,
ನನ್ನ ಅಂಗಿಗೆ ರಸೀದಿ ಹರಿದುಕೊಟ್ಟರು.
ಬರುವ ಶುಕ್ರವಾರ. ನಲವತ್ತೆರಡು.
ಮುಖಪುಟದಲ್ಲಿ ಹುಲಿ ಇದೆಯಂತೆ.