ಹದಿಮೂರು ಕೆ.ಜಿ.

ಒಳಗಿನ ಗ್ಯಾಸು ಹದಿಮೂರು ಕೆ.ಜಿ., ಕಬ್ಬಿಣದ್ದು ಬೇರೆ ಲೆಕ್ಕ.
ತವೀರಾದ ಏಣಿಯಂಥ ಮೆಟ್ಟಿಲು ಹತ್ತುವಾಗ
ಎರಡೂ ಒಂದೇ ಭುಜದ ಮೇಲೆ.
ಇಪ್ಪತ್ತೆರಡು ವರ್ಷದಿಂದ ಹೊರುತ್ತಿದ್ದೇನೆ;
ಯಾವ ಮನೆಯಲ್ಲಿ ಯಾವ ದೇಶ ಉರಿಯುತ್ತಿದೆಯೆಂದು
ಕಣ್ಣು ಕಟ್ಟಿ ಬಿಟ್ಟರೂ ಹೇಳಿಬಿಡುತ್ತೇನೆ.

ನೀಲಿ ಬಾಗಿಲಿನ ಎಮ್ರಿಸ್, ವೇಲ್ಸಿನವನು.
ಅವನಿಗಿಂತ ಮೊದಲು ಅವನ ಮಂತ್ರಿಗಳು ಹೊರಗೆ ಬರುತ್ತಾರೆ:
ಒಬ್ಬ ಕಳ್ಳ, ಒಬ್ಬ ಪೆದ್ದ,
ಇನ್ನೊಬ್ಬ ಮೊನ್ನೆ ತಾನೆ ರಾಜೀನಾಮೆ ಕೊಟ್ಟವನು.
ರೆಗ್ಯುಲೇಟರ್ ತಿರುಗಿಸುತ್ತ ನಾನು ಹೂಂ ಅನ್ನುತ್ತೇನೆ.
"ಅಲ್ಲಿ ಇನ್ನು ಬದುಕುವ ಹಾಗಿಲ್ಲ, ಝೆಫೆರೀನೊ."
ಇಲ್ಲಿ ಬದುಕಲು ಬೇಕಾದ ಕಾರ್ಡು
ಹನ್ನೊಂದು ತಿಂಗಳಾದರೂ ಬಂದಿಲ್ಲ.
ಅರ್ಜಿ ಕೊಟ್ಟ ರಸೀದಿಯೊಂದು ಫ್ರಿಜ್ಜಿನ ಮೇಲೆ,
ಅಯಸ್ಕಾಂತದ ಮೀನು ಅದನ್ನು ಕಚ್ಚಿ ಹಿಡಿದಿದೆ.
ಸದ್ಯಕ್ಕೆ ಅದೇ ಅವನ ಊರು.

ಮೇಲಿನ ಮಹಡಿ, ಓಹಾಯೋದ ಲೊರೆಟ್ಟಾ.
ಅರ್ಧ ದೇಶಕ್ಕೆ ತಲೆ ಕೆಟ್ಟಿದೆ ಅನ್ನುತ್ತಾಳೆ.
ಯಾವ ಅರ್ಧ ಎಂದು ನಾನು ಕೇಳುವುದಿಲ್ಲ;
ಅವಳ ತಂಗಿ ಆ ಅರ್ಧದಲ್ಲೇ ಇದ್ದಾಳೆ, ಫೋನು ಬಂದು ವರ್ಷವಾಯಿತು.
ಮಾತ್ರೆಯ ಡಬ್ಬಿ ತಂದು ತೋರಿಸುತ್ತಾಳೆ,
ಅಲ್ಲಿ ಇಷ್ಟು, ಇಲ್ಲಿ ಇಷ್ಟೇ ಇಷ್ಟು.
ಅದು ರಾಜಕೀಯವಲ್ಲ, ಅದು ಮೊಣಕಾಲು.

ಡಚ್ಚಿನ ಹನ್ನೆಕೆಯದು ನೇರ ಪ್ರಶ್ನೆಗಳು.
ಚಳಿಗಾಲದ ಮಳೆಗೆ ಗೋಡೆ ಬೂಷ್ಟು ಹಿಡಿದರೆ ಸುಣ್ಣವೋ, ವಿನಿಗರೋ?
ನೀರಿನ ಬಿಲ್ಲು ಇನ್ನೂ ಸತ್ತವನ ಹೆಸರಿಗೇ ಬರುತ್ತಿದೆ, ಏನು ಮಾಡಲಿ?
ಕಟ್ಟುತ್ತಾ ಹೋಗಿ, ಅಂದೆ.
ನಮ್ಮ ದೊಡ್ಡಪ್ಪನ ದೋಣಿಯಲ್ಲಿ ಬಲೆ ಎಳೆದವನು ಅವನು,
ಯಾರ ಬಾಕಿಯನ್ನೂ ಉಳಿಸಿಕೊಂಡವನಲ್ಲ.

ಶುಕ್ರವಾರ ಎಲ್ಲರೂ ಚೌಕದ ಕಾಫಿ ಅಂಗಡಿಯಲ್ಲಿ.
ಮೂರು ದೇಶದ ಸರ್ಕಾರ ಬೀಳಿಸಿ
ಒಂದೊಂದು ಬಾದಾಮಿ ಕೇಕು ತಿನ್ನುತ್ತಾರೆ.
ಪಕ್ಕದ ಕಂಬದ ಮೇಲೆ ನಮ್ಮೂರ ಚುನಾವಣೆಯ ಪೋಸ್ಟರು.
ಅದರಲ್ಲಿರುವ ಮೀಸೆಯವನು ಯಾರೆಂದು ಒಬ್ಬರಿಗೂ ಗೊತ್ತಿಲ್ಲ.
ಅವನೇ ಅವರ ಕಸದ ಲಾರಿ, ಅವನೇ ಅವರ ಬೀದಿದೀಪ,
ಅವರ ಬಾಗಿಲ ಮುಂದೆ ಆರು ತಿಂಗಳಿಂದ ಬಾಯಿ ಬಿಟ್ಟ ಚರಂಡಿಯೂ ಅವನೇ.
ಹೇಳೋಣವೆಂದುಕೊಂಡೆ.
ಆ ಮೀಸೆಯಿಂದ ನನಗೆ ನಾಲ್ಕು ಸಿಲಿಂಡರಿನ ದುಡ್ಡು ಬರಬೇಕು.
ಊರ ಉಸಾಬರಿ ಯಾಕೆಂದು ಸುಮ್ಮನಾದೆ.

ಇವರು ಬಂದ ಮೇಲೆ ಬಾಡಿಗೆ ಏರಿತು, ಅದೂ ನಿಜ.
ಮಗಳು ಗ್ರಾಸಿಂಡಾ ಮೂವತ್ತು ಕಿಲೋಮೀಟರು ಒಳನಾಡಿಗೆ ಹೋದಳು;
ಅವಳು ಹುಟ್ಟಿದ ಬೀದಿಯ ತುಂಬ
ನಂಬರು ಒತ್ತಿ ತೆಗೆಯುವ ಬೀಗದ ಡಬ್ಬಿಗಳು.
ಸಿಟ್ಟು ಬರುವುದಿಲ್ಲವೇ? ಬರುತ್ತದೆ,
ಸರಿಯಾಗಿ ಮೂರನೇ ಮಹಡಿಯ ತಿರುವಿನಲ್ಲಿ.
ಅಷ್ಟರಲ್ಲಿ ಬಾಗಿಲು ತೆರೆದು
ಒಂದು ಲೋಟ ತಣ್ಣೀರು ಕೊಟ್ಟುಬಿಡುತ್ತಾರೆ, ಹಾಳಾದವರು.

ರಾತ್ರಿ ಲಕ್ಸೆಂಬರ್ಗಿನಿಂದ ಅಕ್ಕನ ಫೋನು.
ಮೂವತ್ತೊಂದು ವರ್ಷದಿಂದ ಬ್ಯಾಂಕಿನ ನೆಲ ಒರೆಸುತ್ತಾಳೆ ಲುಡೊವೀನಾ.
"ಕಳ್ಳರನ್ನೇ ಆರಿಸುತ್ತೀರಲ್ಲೋ, ಅಲ್ಲಿರುವ ನೀವು!
ನಾಚಿಕೆಯಾಗುತ್ತೆ ನನಗೆ, ಇಲ್ಲಿ ಕೂತು."
ಅಂಚೆಯಲ್ಲಿ ಕಳಿಸಿದ ಅವಳ ಮತ ಈ ಸಲವೂ ಲೆಕ್ಕಕ್ಕೆ ಬರಲಿಲ್ಲ,
ಲಕೋಟೆಯೊಳಗಿನ ಲಕೋಟೆ ಅದಲು ಬದಲಾಗಿತ್ತಂತೆ.
ನಾನು ಹೂಂ ಅನ್ನುತ್ತೇನೆ. ಕೈ ತಂತಾನೇ
ಗಾಳಿಯಲ್ಲಿ ರೆಗ್ಯುಲೇಟರ್ ತಿರುಗಿಸುತ್ತದೆ.

"ನಿಮ್ಮ ಬೀದಿಗೆ ಯಾರು ನಿಂತಿದ್ದಾರೆ ಅಕ್ಕಾ, ಅಲ್ಲಿ?"
ಆ ಕಡೆ ನಲ್ಲಿ ನಿಂತ ಸದ್ದು.
"ಯಾರಿಗೆ ಗೊತ್ತೋ.
ಕಸದವನು ಮಾತ್ರ ಒಳ್ಳೆಯವನು, ಕೇಪ್ ವರ್ಡಿನ ಹುಡುಗ,
ನಮ್ಮ ಭಾಷೆಯಲ್ಲೇ ಬೈಯುತ್ತಾನೆ."
ಆಮೇಲೆ, ದನಿ ತಗ್ಗಿಸಿ:
"ಸಾರ್ಡೀನು ಕಿಲೋಗೆ ಎಷ್ಟೋ ಈಗ?"

ಹೇಳಿದೆ.
"ಸುಳ್ಳು ಹೇಳಬೇಡ," ಅಂದಳು.